ಮುಂದಿನ ಸೀಟಿನ ನಾಲ್ಕನೇ ಬೋಲ್ಟ್

ಶಬ್ದ ಮೊದಲು ಗೊತ್ತಾದದ್ದು ಅಮ್ಮನಿಗೆ. ಮೊಣಕಾಲಿನ ಫಿಸಿಯೋಥೆರಪಿಗೆ ವಾರಕ್ಕೆರಡು ಸಲ ಅವರನ್ನು ಮಲ್ಪೆಯಿಂದ ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತೇನೆ. ಮೇ ತಿಂಗಳ ಒಂದು ಬೆಳಿಗ್ಗೆ ಕಲ್ಸಂಕದ ಸಿಗ್ನಲ್ ಬಿಟ್ಟು ಹೊರಟಾಗ, "ಮಗ, ನನ್ನ ಸೀಟು ಎದ್ದು ಕೂತ ಹಾಗೆ ಆಗ್ತದೆ" ಅಂದರು. ನನಗೆ ಏನೂ ಕೇಳಿಸಿರಲಿಲ್ಲ. ಇಂದ್ರಾಳಿಯ ಹತ್ತಿರ ಎದುರಿನ ಬಸ್ಸು ನಿಂತಿತೆಂದು ಬ್ರೇಕ್ ಹಾಕಿದೆ. ಆಗ ಕೇಳಿಸಿತು. ಸಣ್ಣದಾಗಿ, ಕಾಲಡಿಯಿಂದ, ಒಂದು 'ಟಕ್'.

ನಮ್ಮದು 2009ರ ಸಣ್ಣ ಕಾರು. ಹದಿನೈದು ವರ್ಷ ದಾಟಿದ ಕಾರಿನಲ್ಲಿ ಒಂದಲ್ಲ ಒಂದು ಶಬ್ದ ಇದ್ದೇ ಇರುತ್ತದೆ. ಆದರೆ ಈ ಶಬ್ದಕ್ಕೆ ಒಂದು ಕ್ರಮ ಇತ್ತು. ಕ್ಲಚ್ ಬಿಟ್ಟು ಕಾರು ಮುಂದಕ್ಕೆ ಹೊರಟಾಗ ಒಂದು ಸಲ, ಬ್ರೇಕ್ ಹಾಕಿದಾಗ ಇನ್ನೊಂದು ಸಲ. ಗುಂಡಿಗೆ ಬಿದ್ದಾಗ ಇಲ್ಲ. ಸಸ್ಪೆನ್ಶನ್ನಿನ ಶಬ್ದವಾದರೆ ಗುಂಡಿಯಲ್ಲಿ ಮೊದಲು ಬರಬೇಕಿತ್ತು.

ಪರಿಚಯದ ಒಂದು ಗ್ಯಾರೇಜಿಗೆ ಕೊಂಡುಹೋದೆ. ಹುಡುಗ ಸೀಟನ್ನು ಹಿಂದೆ ಮುಂದೆ ಜಾರಿಸಿ ನೋಡಿ, "ರೇಲ್ ಸವೆದಿದೆ ಸರ್" ಅಂದ. ರೇಲಿನ ಅಡಿಗೆ ಟ್ಯೂಬ್ ರಬ್ಬರಿನ ತುಂಡು ತುರುಕಿ ಗ್ರೀಸ್ ಹಚ್ಚಿದ. ಶಬ್ದ ನಿಂತಿತು. ನೂರೈವತ್ತು ರೂಪಾಯಿ ಕೊಟ್ಟು ಬಂದೆ. ಎರಡು ವಾರ ಅಮ್ಮ ಅದೇ ಸೀಟಿನಲ್ಲಿ ಕೂತು ಮಣಿಪಾಲಕ್ಕೆ ಬಂದರು. ಆ ಎರಡು ವಾರ ನೆನೆದರೆ ಈಗಲೂ ಹೊಟ್ಟೆಯಲ್ಲಿ ಒಂದು ಥರ ಆಗುತ್ತದೆ. ಶಬ್ದ ನಿಂತಿತ್ತೇ ಹೊರತು ತುಂಡಾದದ್ದು ಹಾಗೆಯೇ ಇತ್ತು.

ಮಳೆ ಹಿಡಿದ ಮೇಲೆ ಶಬ್ದ ಮತ್ತೆ ಶುರುವಾಯಿತು. ಈ ಸಲ ಸಂಜೆ ಅಂಗಳದಲ್ಲಿ ಮಾಡು ಇಳಿಸಿದ ಜಾಗದಲ್ಲಿ ಕಾರು ನಿಲ್ಲಿಸಿ ನಾನೇ ಟಾರ್ಚ್ ಹಿಡಿದು ಕೂತೆ. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಸೀಟಿನ ಅಡಿಯಲ್ಲಿ ಎರಡು ರೇಲುಗಳಿರುತ್ತವೆ. ಒಂದೊಂದರಲ್ಲೂ ಮೇಲಿನ ಭಾಗ ಸೀಟಿಗೆ ಸೇರಿದ್ದು, ಕೆಳಗಿನ ಭಾಗ ಕಾರಿನ ನೆಲಕ್ಕೆ ಸೇರಿದ್ದು. ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸುವಾಗ ಇನ್ನೊಬ್ಬರು ಟಾರ್ಚ್ ಬಿಟ್ಟು ನೋಡಬೇಕು. ಮೇಲಿನ ರೇಲಿಗೂ ಕೆಳಗಿನ ರೇಲಿಗೂ ನಡುವೆ ಆಟ ಕಂಡರೆ ಸವೆತ. ಕೆಳಗಿನ ರೇಲೇ ನೆಲ ಬಿಟ್ಟು ಏಳುತ್ತಿದ್ದರೆ ವಿಷಯ ಬೇರೆ. ನಾನು ಅಲುಗಿಸಿದೆ, ಹೆಂಡತಿ ಟಾರ್ಚ್ ಹಿಡಿದಳು. "ಗೇರ್ ಕಡೆ ಮುಂದಿನ ಮೂಲೆ ಏಳ್ತಾ ಉಂಟು ನೋಡಿ" ಅಂದಳು. ನಾನು ಬಗ್ಗಿ ನೋಡಿದೆ. ಬೋಲ್ಟ್ ತನ್ನ ಜಾಗದಲ್ಲೇ ಇತ್ತು, ಆದರೆ ರೇಲಿನೊಟ್ಟಿಗೆ ಅದೂ ಎರಡು ಮಿಲಿಮೀಟರ್ ಮೇಲೆ ಬರುತ್ತಿತ್ತು.

ನಾಲ್ಕು ಬೋಲ್ಟುಗಳಲ್ಲಿ ಮೂರರ ತಲೆಯ ಮೇಲೆ 8.8 ಎಂದು ಅಚ್ಚು ಇತ್ತು. ನಾಲ್ಕನೆಯದರ ತಲೆ ಬೋಳು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಅಂಕೆಗಳನ್ನು ನಮ್ಮಲ್ಲಿ ಹೆಚ್ಚಿನವರು ನೋಡುವುದೇ ಇಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ನಾನೂ ಅಲ್ಲಿಯ ತನಕ ನೋಡಿರಲಿಲ್ಲ. ಮೊದಲ ಅಂಕೆಯನ್ನು ನೂರರಿಂದ ಗುಣಿಸಿದರೆ ಆ ಉಕ್ಕು ಎಳೆತಕ್ಕೆ ತುಂಡಾಗುವ ಮಟ್ಟ ಸಿಗುತ್ತದೆ: 800 ಮೆಗಾಪಾಸ್ಕಲ್. ಚುಕ್ಕೆಯ ಆಚೆಗಿನ ಅಂಕೆ, ಅದರ ಹತ್ತರಲ್ಲಿ ಎಂಟು ಪಾಲು ಮುಟ್ಟುವ ತನಕ ಬೋಲ್ಟ್ ಹಿಗ್ಗಿ ಹಾಗೆಯೇ ಉಳಿದುಬಿಡುವುದಿಲ್ಲ ಎಂದು ಹೇಳುತ್ತದೆ. ಹತ್ತು ಮಿಲಿಮೀಟರಿನ ಒಂದು 8.8 ಬೋಲ್ಟ್ ತುಂಡಾಗಬೇಕಾದರೆ ಸುಮಾರು ಐದು ಟನ್ ತೂಕದಷ್ಟು ಎಳೆಯಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಮೆದು ಕಬ್ಬಿಣದ 4.6 ಬೋಲ್ಟಾದರೆ ಅದರ ಅರ್ಧ. ನೋಡಲಿಕ್ಕೆ ಎರಡೂ ಒಂದೇ.

ಅಷ್ಟೆಲ್ಲ ಯಾಕೆ ಬೇಕು, ಕೂರುವವರು ಅರವತ್ತು ಕಿಲೋ ಅಲ್ವಾ ಎಂದು ಗ್ಯಾರೇಜಿನಲ್ಲಿ ಕೇಳಿದವರಿದ್ದಾರೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 17ನೆಯದು ಸೀಟು ಮತ್ತು ಅದು ನೆಲಕ್ಕೆ ಹಿಡಿದುಕೊಳ್ಳುವ ಜಾಗಗಳ ಬಗ್ಗೆ ಇರುವುದು. ಅದರ ಪ್ರಕಾರ 20 ಜಿ, ಅಂದರೆ ಗುರುತ್ವದ ಇಪ್ಪತ್ತು ಪಟ್ಟು ಸೆಳೆತವನ್ನು 30 ಮಿಲಿಸೆಕೆಂಡ್ ಕಾಲ ಕೊಟ್ಟು ನೋಡುತ್ತಾರೆ. ಸೀಟು ಕಿತ್ತು ಬರಬಾರದು. ಅಷ್ಟೇ ಸೆಳೆತಕ್ಕೆ ಅರವತ್ತು ಕಿಲೋದ ಮನುಷ್ಯ ಸಾವಿರದ ಇನ್ನೂರು ಕಿಲೋ ಆಗುತ್ತಾನೆ. ನಮ್ಮ ಕಾರಿನಲ್ಲಿ ಬೆಲ್ಟಿನ ಬಕಲ್ ನೆಲಕ್ಕಲ್ಲ, ಸೀಟಿನ ಚೌಕಟ್ಟಿಗೇ ಕೂತಿದೆ, ಅದೂ ಗೇರ್ ಕಡೆಗೆ. ಹಾಗಾಗಿ ಬೆಲ್ಟ್ ಹಿಡಿದ ಭಾರದ ಒಂದು ಪಾಲು ಆ ಬೋಲ್ಟುಗಳ ಮೂಲಕವೇ ನೆಲಕ್ಕೆ ಹೋಗಬೇಕು. ಎದುರಿನಿಂದ ಡಿಕ್ಕಿಯಾದರೆ ಸೀಟು ಮುಂದಕ್ಕೆ ಮಗುಚಲು ನೋಡುತ್ತದೆ, ಆಗ ಹಿಂದಿನ ಎರಡು ಬೋಲ್ಟುಗಳಿಗೆ ಎಳೆತ. ಹಿಂದಿನಿಂದ ಯಾರಾದರೂ ಗುದ್ದಿದರೆ ಮುಂದಿನ ಎರಡಕ್ಕೆ. ರಾಷ್ಟ್ರೀಯ ಹೆದ್ದಾರಿಯ ಕರಾವಳಿ ಜಂಕ್ಷನ್ನಿನಲ್ಲಿ ನಿಂತಾಗ ಕನ್ನಡಿಯಲ್ಲಿ ಬಸ್ಸು ಬರುವುದನ್ನು ನೋಡುತ್ತಾ ಇರುವವರಿಗೆ ಇದು ದೂರದ ಮಾತಲ್ಲ.

ಅವತ್ತಿನಿಂದ ಅಮ್ಮ ಹಿಂದಿನ ಸೀಟಿಗೆ. ಮೊಣಕಾಲು ಮಡಚಿ ಹತ್ತಿ ಇಳಿಯಲು ಅವರಿಗೆ ಕಷ್ಟವಾಯಿತು, ಆದರೂ ಬೇರೆ ದಾರಿ ಇರಲಿಲ್ಲ.

ಎರಡನೆಯ ಒಂದು ವರ್ಕ್‌ಶಾಪಿನಲ್ಲಿ ಹೇಳಿದ ಉಪಾಯ ಇನ್ನೂ ಹೆದರಿಸುವಂಥದ್ದು: ರೇಲನ್ನೇ ನೆಲಕ್ಕೆ ವೆಲ್ಡ್ ಮಾಡಿಬಿಡುವುದು. ಹತ್ತು ನಿಮಿಷದ ಕೆಲಸವಂತೆ. ರೇಲಿನ ತಗಡು ಬಿಸಿಗೆ ಸೊಟ್ಟಗಾದರೆ ಸೀಟು ಜಾರುವುದಿಲ್ಲ, ಲಾಕ್ ಹಲ್ಲುಗಳು ಸರಿಯಾಗಿ ಕೂರುವುದಿಲ್ಲ. ಅಡಿಯಲ್ಲಿ ತುಕ್ಕು ಹಿಡಿದ ತಗಡಿಗೆ ವೆಲ್ಡ್ ಮಾಡಿದರೆ ತುಕ್ಕಿಗೇ ಅಂಟಿಸಿದ ಹಾಗೆ. ಬೇಡ ಎಂದು ಬಂದೆ.

ಮಲ್ಪೆ ಬಂದರಿನ ಹತ್ತಿರ ಬೋಟುಗಳ ವೆಲ್ಡಿಂಗ್ ಮಾಡುವ ಒಬ್ಬ ಮೇಸ್ತ್ರಿ ಇದ್ದಾರೆ. ಅವರ ಮಗ ನನ್ನ ವಿದ್ಯಾರ್ಥಿಯಾಗಿದ್ದ. ಕಾರಿನ ಕೆಲಸ ಅವರದ್ದಲ್ಲ. ಆದರೆ ಉಪ್ಪು ನೀರಿನಲ್ಲಿ ಕಬ್ಬಿಣ ಏನಾಗುತ್ತದೆಂದು ಅವರಷ್ಟು ಬಲ್ಲವರು ನನಗೆ ಬೇರೆ ಗೊತ್ತಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ಬಂದರಿನಲ್ಲಿ ಒತ್ತೊತ್ತಾಗಿ ನಿಂತು ರಿಪೇರಿ ಆಗುವ ಕಾಲ, ಅವರಿಗೆ ಪುರುಸೊತ್ತೇ ಇಲ್ಲದ ಕಾಲ. "ಆದಿತ್ಯವಾರ ಬೆಳಿಗ್ಗೆ ಬನ್ನಿ ಮಾಷ್ಟ್ರೆ. ಸೀಟು ತೆಗೆದು, ಕಾರ್ಪೆಟ್ ಎಬ್ಬಿಸಿಕೊಂಡೇ ಬನ್ನಿ. ನೋಡದೆ ನಾನು ಎಂತದೂ ಹೇಳುವುದಿಲ್ಲ" ಅಂದರು.

ಶನಿವಾರ ಮಧ್ಯಾಹ್ನ ನಾನೇ ಸೀಟು ಬಿಚ್ಚಲು ಕೂತೆ. ಸೀಟನ್ನು ಪೂರ್ತಿ ಮುಂದೆ ತಳ್ಳಿ ಹಿಂದಿನ ಎರಡು, ಪೂರ್ತಿ ಹಿಂದೆ ತಳ್ಳಿ ಮುಂದಿನ ಎರಡು. 14ರ ಸಾಕೆಟ್. ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆದಿಟ್ಟೆ. ನಮ್ಮ ಕಾರಿನ ಈ ಸೀಟಿನ ಅಡಿ ಯಾವ ವೈರೂ ಇಲ್ಲ. ಹೊಸ ಕಾರುಗಳಲ್ಲಿ ಅಲ್ಲೊಂದು ಹಳದಿ ಪ್ಲಗ್ ಕಂಡರೆ ಅದು ಏರ್‌ಬ್ಯಾಗಿನದ್ದೋ ಡಿಕ್ಕಿಯಾದಾಗ ಸಿಡಿದು ಬೆಲ್ಟ್ ಬಿಗಿಯುವ ಸಾಧನದ್ದೋ ಆಗಿರುತ್ತದೆ. ಬ್ಯಾಟರಿ ತೆಗೆದು ಕೆಲವು ನಿಮಿಷ ಕಾಯದೆ ಅದನ್ನು ಮುಟ್ಟಬಾರದು. ಮನೆಯಲ್ಲೇ ಮಾಡುವವರು ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಮೂರು ಬೋಲ್ಟು ಸಲೀಸಾಗಿ ಬಂದವು. ನಾಲ್ಕನೆಯದು ತಿರುಗಿತು, ತಿರುಗುತ್ತಲೇ ಇತ್ತು, ಮೇಲೆ ಬರಲಿಲ್ಲ. ಅಡಿಯಲ್ಲಿರುವ ನಟ್ಟೂ ಅದರೊಟ್ಟಿಗೆ ತಿರುಗುತ್ತಿದೆ ಎಂದು ಅರ್ಥ. ಕಾರಿನ ನೆಲದಲ್ಲಿ ಸೀಟಿನ ಅಡಿ ಅಡ್ಡಲಾಗಿ ಒಂದು ಪೆಟ್ಟಿಗೆಯಂಥ ತೊಲೆ ಇರುತ್ತದೆ, ತಗಡು ಮಡಚಿ ನೆಲಕ್ಕೆ ಸ್ಪಾಟ್ ವೆಲ್ಡ್ ಮಾಡಿದ್ದು. ಮುಂದಿನ ಬೋಲ್ಟುಗಳ ನಟ್ಟುಗಳನ್ನು ಆ ತೊಲೆಯ ಒಳಬದಿಗೆ ಕಾರು ಕಟ್ಟುವಾಗಲೇ ವೆಲ್ಡ್ ಮಾಡಿರುತ್ತಾರೆ. ಹೊರಗಿನಿಂದ ಪಾನ ಹಾಕಿ ಹಿಡಿಯುವ ಹಾಗಿಲ್ಲ, ಕಾರಿನ ಅಡಿಯಿಂದಲೂ ಕೈ ಹೋಗುವುದಿಲ್ಲ. ರೇಲಿನ ಅಡಿಗೆ ಸಬ್ಬಲ್ ಕೊಟ್ಟು ಮೇಲಕ್ಕೆ ಮೀಟಿ, ಆ ಬಿಗಿಯಲ್ಲಿ ನಟ್ಟು ನಿಲ್ಲುತ್ತದೋ ನೋಡಿದೆ. ನಿಲ್ಲಲಿಲ್ಲ. ಕೊನೆಗೆ ಪಕ್ಕದ ಮನೆಯವರ ಗ್ರೈಂಡರ್ ತಂದು ಬೋಲ್ಟಿನ ತಲೆಯನ್ನೇ ಕತ್ತರಿಸಬೇಕಾಯಿತು. ಗ್ರೈಂಡರಿನ ಕಿಡಿ ಗಾಜಿಗೆ ತಾಗಿದರೆ ಚುಕ್ಕೆ ಚುಕ್ಕೆಯಾಗಿ ಕೂತುಬಿಡುತ್ತದೆ, ಕಾರ್ಪೆಟ್ ಹೊತ್ತಿಕೊಳ್ಳಲೂ ಬಹುದು. ಒದ್ದೆ ಗೋಣಿಚೀಲ ಸುತ್ತ ಹಾಸಿ, ಬದಿಯಲ್ಲಿ ಒಂದು ಕೊಡಪಾನ ನೀರು ಇಟ್ಟುಕೊಂಡು ಮಾಡಿದೆ.

ಸೀಟು ಹೊರಬಂತು. ಕಾರ್ಪೆಟ್ ಎತ್ತಿದಾಗ ಬಂದ ವಾಸನೆ, ಮಳೆಗಾಲದಲ್ಲಿ ಒಣಗದ ಬಟ್ಟೆಯದ್ದು. ಕಾರ್ಪೆಟಿನ ಅಡಿಯ ದಪ್ಪ ಫೋಮನ್ನು ಹಿಂಡಿದೆ, ನೀರು ಸುರಿಯಿತು. ಇಷ್ಟು ದಿನ ಅದು ಕೊಡೆಯ ನೀರು, ಚಪ್ಪಲಿಯ ನೀರು ಎಂದೇ ತಿಳಿದಿದ್ದೆ. ವರ್ಷಕ್ಕೆ 4 ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಉಡುಪಿಯಲ್ಲಿ ಕಾರು ಒದ್ದೆಯಾದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಚಾಲಕನ ಕಡೆ ಒಣಗಿತ್ತು. ಒದ್ದೆ ಇದ್ದದ್ದು ಎಡಗಡೆ ಮಾತ್ರ, ಅದೂ ಗೇರ್ ಕಡೆಯ ಮೂಲೆಯಲ್ಲಿ ಹೆಚ್ಚು. ಮೇ ತಿಂಗಳಿನಲ್ಲಿ, ಒಂದು ಹನಿ ಮಳೆ ಇಲ್ಲದಾಗಲೂ, ಅಮ್ಮ "ಕಾಲಡಿ ತಣ್ಣಗೆ" ಎಂದದ್ದು ಆಗ ನೆನಪಾಯಿತು.

ಏಸಿಯ ನೀರು. ನಮ್ಮ ಕಾರಿನಲ್ಲಿ ಏಸಿಯ ತಣ್ಣನೆಯ ಸುರುಳಿ ಇರುವುದು ಡ್ಯಾಶ್‌ಬೋರ್ಡಿನ ಹಿಂದೆ ಎಡಭಾಗದಲ್ಲಿ. ಕರಾವಳಿಯ ಸೆಕೆಯ ಗಾಳಿಯಲ್ಲಿರುವ ತೇವವೆಲ್ಲ ಅದರ ಮೇಲೆ ನೀರಾಗಿ ಇಳಿದು, ಒಂದು ಸಣ್ಣ ರಬ್ಬರ್ ಕೊಳವೆಯಲ್ಲಿ ಕಾರಿನ ಅಡಿಗೆ ಹೋಗಬೇಕು. ಬ್ಯಾಟರಿ ಪುನಃ ಜೋಡಿಸಿ, ಏಸಿ ಹಾಕಿ ಅರ್ಧ ಗಂಟೆ ಬಿಟ್ಟೆ. ಅಡಿಯಲ್ಲಿ ಒಂದು ಹನಿಯೂ ಬೀಳಲಿಲ್ಲ. ಸೆಕೆಗಾಲದಲ್ಲಿ ನಮ್ಮೂರಿನಲ್ಲಿ ಯಾವ ಕಾರು ನಿಂತರೂ ಅಡಿಯಲ್ಲಿ ನೀರಿನ ಕಲೆ ಇರುತ್ತದಲ್ಲ, ನಮ್ಮದರಡಿ ಅದು ಎಷ್ಟು ಕಾಲದಿಂದ ಇರಲಿಲ್ಲವೋ.

ಕೊಳವೆಯ ತುದಿ ಇಂಜಿನ್ ಬದಿಯಲ್ಲಿ ಕೆಳಗೆ ಸಿಕ್ಕಿತು. ತಂತಿ ಹಾಕಿದರೆ ರಬ್ಬರ್ ಹರಿದೀತು ಎಂದು ಹಿಡಿಸೂಡಿಯಿಂದ ಒಂದು ಉದ್ದದ ಕಡ್ಡಿ ಎಳೆದುಕೊಂಡೆ. ತೆಂಗಿನ ಕಡ್ಡಿ ತಿರುವಿನಲ್ಲಿ ಬಗ್ಗುತ್ತದೆ, ಮುರಿಯುವುದಿಲ್ಲ. ಎರಡು ಸಲ ಮೆಲ್ಲ ತಿರುಗಿಸಿದೆ. ಕಪ್ಪು ಕೆಸರಿನ ಒಂದು ಗಟ್ಟಿ ಬಂತು, ಅದರ ಹಿಂದೆಯೇ ನೀರು, ಒಂದು ಚೊಂಬಿಗೆ ಕಡಿಮೆ ಇರಲಿಲ್ಲ. ಫೋಮನ್ನು ಒಂದು ವಾರ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆವು.

ಆದಿತ್ಯವಾರ ಚಾಲಕನ ಸೀಟು ಮಾತ್ರ ಇರುವ ಕಾರನ್ನು ಬಂದರಿಗೆ ಓಡಿಸಿಕೊಂಡು ಹೋದೆ. ಮೇಸ್ತ್ರಿ ಮೊದಲು ವೆಲ್ಡಿಂಗ್ ಮಷಿನ್ ಮುಟ್ಟಲಿಲ್ಲ. ಚಿಪ್ಪಿಂಗ್ ಸುತ್ತಿಗೆಯಿಂದ ತೊಲೆಯ ಉದ್ದಕ್ಕೂ ಟಣ್ ಟಣ್ ಎಂದು ಬಡಿಯುತ್ತಾ ಬಂದರು. ಮೂಲೆಯ ಹತ್ತಿರ ಸ್ವರ ಬದಲಾಯಿತು. "ಇಲ್ಲಿಂದ ಇಲ್ಲಿಗೆ ಪೋಂಡು ಮಾಷ್ಟ್ರೆ", ಅಂದರೆ ಹೋಯಿತು, ಎಂದು ಚಾಕ್‌ಪೀಸಿನಲ್ಲಿ ಅಂಗೈಯಗಲದ ಚೌಕ ಎಳೆದರು. ಬೋಟಿನ ಹಲ್ಲನ್ನೂ, ಅಂದರೆ ಹೊರಮೈಯ ತಗಡನ್ನೂ, ಹೀಗೇ ಬಡಿದು ನೋಡುತ್ತಾರಂತೆ. ಕಣ್ಣಿಗೆ ಪೇಂಟ್ ಕಾಣುತ್ತದೆ, ಕಿವಿಗೆ ಕಬ್ಬಿಣ ಕೇಳುತ್ತದೆ ಎಂದು ಅವರು ಹೇಳಿದ ಮಾತು ನನಗೆ ಬಹಳ ಹಿಡಿಸಿತು.

ಕಾರಿನ ಅಡಿಗೆ ಹೋಗಿ ಪೆಟ್ರೋಲಿನ ಪೈಪೂ ಬ್ರೇಕಿನ ಪೈಪೂ ಎಲ್ಲಿ ಹಾದುಹೋಗುತ್ತವೆ ಎಂದು ನೋಡಿ, ಆ ಜಾಗಕ್ಕೂ ಪೈಪಿಗೂ ನಡುವೆ ಒಂದು ತಗಡು ಸಿಕ್ಕಿಸಿದರು. ಒಬ್ಬ ಹುಡುಗನನ್ನು ನೀರಿನ ಬಾಟಲಿ ಹಿಡಿದು ಅಡಿಯಲ್ಲೇ ಕೂರಿಸಿದರು. ಬ್ಯಾಟರಿ ಬಿಚ್ಚಿದ್ದೇನಾ ಎಂದು ನನ್ನನ್ನು ಎರಡು ಸಲ ಕೇಳಿದರು.

ಚೌಕವನ್ನು ತೆಳುವಾದ ಕಟಿಂಗ್ ವೀಲಿನಿಂದ ಕತ್ತರಿಸಿ ತೆಗೆದಾಗ ಹಳೆಯ ನಟ್ಟು ಬೋಲ್ಟಿನ ಮುಂಡದೊಟ್ಟಿಗೆ ಕೆಳಗೆ ಬಿತ್ತು. ಅದನ್ನು ಕೈಗೆ ತೆಗೆದುಕೊಂಡು ಅವರು ಬಹಳ ಹೊತ್ತು ನೋಡಿದರು. ಒಂದು ಹಳೆಯ ಬೋಲ್ಟನ್ನು ಅದರ ಪಕ್ಕ ಹಿಡಿದು, "ಇದರ ಮರೆ ಬೇರೆ" ಅಂದರು. ಮರೆ ಎಂದರೆ ಬೋಲ್ಟಿನ ಮೈಮೇಲಿನ ಸುರುಳಿ ಗೆರೆ. ಕಂಪನಿಯ ಬೋಲ್ಟುಗಳ ಮರೆ 1.25, ಅಂದರೆ ಒಂದು ಸುತ್ತು ತಿರುಗಿಸಿದರೆ ಅಷ್ಟು ಮಿಲಿಮೀಟರ್ ಇಳಿಯುತ್ತದೆ. ಈ ಬೋಳು ತಲೆಯದ್ದು 1.5, ಹಾರ್ಡ್‌ವೇರ್ ಅಂಗಡಿಯಲ್ಲಿ ಹತ್ತರ ಬೋಲ್ಟ್ ಕೊಡಿ ಎಂದರೆ ಕೊಡುವಂಥದ್ದು. ಎರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಆಗ ಉದ್ದನೆಯ ಹಿಡಿ ಹಾಕಿ ಯಾರೋ ಬಲವಂತದಿಂದ ಇಳಿಸಿದ್ದಾರೆ. ನಟ್ಟಿನ ಒಳಮರೆ ಕಿತ್ತುಹೋಗಿತ್ತು, ತುಕ್ಕು ತಿಂದಿದ್ದ ವೆಲ್ಡ್ ಆ ತಿರುಚಿಗೆ ಬಿಟ್ಟಿತ್ತು. ಎರಡು ವರ್ಷದ ಹಿಂದೆ ಸೀಟ್ ಕವರ್ ಹಾಕಿಸುವಾಗ ಸೀಟು ಹೊರಗೆ ತೆಗೆದಿದ್ದರು. ಒಂದು ಬೋಲ್ಟು ಕಳೆದುಹೋಗಿರಬೇಕು, ಬದಲಿಗೆ ಕೈಗೆ ಸಿಕ್ಕಿದ್ದು ಹಾಕಿರಬೇಕು. ಅವತ್ತೇ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಹೊಸದಕ್ಕೆ ಮೂರು ಮಿಲಿಮೀಟರ್ ದಪ್ಪದ ಪ್ಲೇಟು, ಆರು ಸೆಂಟಿಮೀಟರ್ ಚೌಕ, ನಡುವೆ ತೂತು. ಅದರಡಿಗೆ ನಟ್ಟು. ಎಳೆತ ಬಂದಾಗ ಭಾರ ಒಂದೇ ಜಾಗಕ್ಕೆ ಬೀಳದೆ ಪ್ಲೇಟಿನಗಲಕ್ಕೆ ಹಂಚಿಹೋಗಲಿ ಎಂದು. ನಾನು ತಂದಿದ್ದ ನಟ್ಟು ಬಿಳಿ ಹೊಳಪಿನದ್ದು. ಮೇಸ್ತ್ರಿ ಅದರ ಸತುವಿನ ಲೇಪವನ್ನು ಗ್ರೈಂಡರಿನಲ್ಲಿ ಉಜ್ಜಿ ತೆಗೆದೇ ವೆಲ್ಡ್ ಮಾಡಿದ್ದು. ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಹೊಸ ಹುಡುಗರಿಗೆಲ್ಲ ಒಂದೊಂದು ಸಲ ಬಂದಿದೆ ಅಂದರು.

ಕಾರಿನ ತಗಡು ಒಂದು ಮಿಲಿಮೀಟರ್ ಆಸುಪಾಸು. ಬೋಟಿಗೆ ಬಳಸುವ ಕಡ್ಡಿ ವೆಲ್ಡಿಂಗ್ ಹಿಡಿದರೆ ತೂತು ಬೀಳುತ್ತದೆ, ಹಾಗಾಗಿ ಸಿಒಟು ಮಷಿನ್, ಅಂದರೆ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತಾ ತೆಳು ತಂತಿಯಿಂದ ಬೆಸೆಯುವಂಥದ್ದು. ಅದಕ್ಕೂ ಮೊದಲು ಸೀಟಿನ ರೇಲನ್ನು ಒಳಗೆ ತಂದು ಉಳಿದ ಮೂರು ಬೋಲ್ಟ್ ಸಡಿಲವಾಗಿ ಕೂರಿಸಿ, ನಾಲ್ಕನೆಯ ತೂತಿಗೆ ಹೊಸ ನಟ್ಟು ನೇರ ಬರುವಂತೆ ಒಂದು ಹಳೆಯ ಬೋಲ್ಟಿನಿಂದ ಹಿಡಿದುಕೊಂಡರು. ನಾಲ್ಕು ಮೂಲೆಗೆ ನಾಲ್ಕು ಚುಕ್ಕೆ. ರೇಲ್ ತೆಗೆದು ಮತ್ತೆ ಅಲ್ಲೊಂದು ಇಲ್ಲೊಂದು, ಎದುರುಬದುರು, ತಣಿಯಲು ಬಿಟ್ಟು ಬಿಟ್ಟು. ಒಂದೇ ಉಸಿರಿಗೆ ಎಳೆದರೆ ತಗಡು ಎಳೆದುಕೊಂಡು ತೂತು ಜಾರುತ್ತದೆ. ಆಮೇಲೆ ಕತ್ತರಿಸಿದ ಕಿಟಕಿಗೆ ಹೊಸ ತಗಡು ಮುಚ್ಚಿ ಸುತ್ತ ಬೆಸೆದರು. ವೆಲ್ಡಿನ ಕಿಡಿ ಮರೆಯಲ್ಲಿ ಕೂತಿದ್ದರೆ ಬಿಡಿಸಲಿಕ್ಕೆ ಒಳಮರೆ ಕೆತ್ತುವ 10-1.25ರ ಟ್ಯಾಪ್ ಹಾಕಿ ತೆಗೆದರು. ಹೊಸ ಬೋಲ್ಟ್ ಬೆರಳಿನಲ್ಲೇ ಕೊನೆ ತನಕ ಇಳಿಯಿತು. ಆ ಕ್ಷಣದ ಸಮಾಧಾನ ಹೇಳಿ ಮುಗಿಯುವಂಥದ್ದಲ್ಲ.

ಬೋಲ್ಟಿನ ಬಗ್ಗೆ ನನಗೊಂದು ಆಸೆ ಇತ್ತು, ಎಸ್‌ಎಸ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್, ಹಾಕಿದರೆ ತುಕ್ಕೇ ಹಿಡಿಯುವುದಿಲ್ಲವಲ್ಲ ಎಂದು. ಮಲ್ಪೆಯಲ್ಲಿ ಎಸ್‌ಎಸ್ ಎಂದರೆ ಎಲ್ಲರಿಗೂ ನಂಬಿಕೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಸ್‌ಎಸ್ ಬೋಲ್ಟಿನ ತಲೆಯ ಮೇಲೆ ಎ2-70 ಎಂದಿರುತ್ತದೆ. 70 ಎಂದರೆ 700 ಮೆಗಾಪಾಸ್ಕಲ್, ಅದು ಹಿಗ್ಗಲು ತೊಡಗುವುದಂತೂ 450ಕ್ಕೇ. 8.8 ಆದರೆ 640ರ ತನಕ ತಡೆಯುತ್ತದೆ. ಮೇಸ್ತ್ರಿ ಅಂಕೆ ಹೇಳಲಿಲ್ಲ. "ಎಸ್‌ಎಸ್ ಬೋಲ್ಟ್ ಹೊಳೀತಾ ಇರ್ತದೆ ಮಾಷ್ಟ್ರೆ, ಅದರ ಸುತ್ತದ ಕಬ್ಬಿಣ ಹೋಗಿರ್ತದೆ. ನಾನು ಎಷ್ಟು ಬೋಟಲ್ಲಿ ನೋಡಿದ್ದೇನೆ" ಅಂದರು. ಕಾರಿನ ಬಿಡಿಭಾಗದ ಅಂಗಡಿಗೆ ಹೇಳಿ ತರಿಸಿದ ಅಸಲಿ ಬೋಲ್ಟುಗಳು ನಾಲ್ಕೂ ಹೊಸದೇ ಹಾಕಿದೆವು.

ಮೇಸ್ತ್ರಿ ತೆಗೆದುಕೊಂಡದ್ದು ಎರಡು ಸಾವಿರ ರೂಪಾಯಿ. ಆದಿತ್ಯವಾರದ ಅರ್ಧ ದಿನ ಕೊಟ್ಟವರಿಗೆ ಅದು ಕಡಿಮೆಯೇ ಎಂದು ನಾನು ಹೇಳಿದ್ದಕ್ಕೆ, ಮಗನಿಗೆ ವಿಜ್ಞಾನದಲ್ಲಿ ಪಾಸ್ ಮಾರ್ಕು ಬಂದದ್ದು ಯಾರಿಂದ ಎಂದು ಕೇಳಿ ಹೆಚ್ಚಿಗೆ ಕೊಟ್ಟದ್ದನ್ನು ಕಿಸೆಗೆ ವಾಪಸ್ ಹಾಕಿದರು.

ಪೇಂಟಿನ ಕೆಲಸ ನನ್ನದು, ಮತ್ತು ಮಳೆಗಾಲದಲ್ಲಿ ಅದೇ ಹೆಚ್ಚು ಹೊತ್ತು ಹಿಡಿಯಿತು. ತಂತಿ ಬ್ರಷ್ಷಿನಿಂದ ಉಜ್ಜಿ, ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ ಹಚ್ಚಿದೆ. ತುಕ್ಕು ಕಪ್ಪಾಗಿ ತಿರುಗಿತು. ಅದರ ಮೇಲೆ ಪ್ರೈಮರ್. ಗಾಳಿಯಲ್ಲೇ ನೀರು ತುಂಬಿರುವಾಗ ಪ್ರೈಮರ್ ಎಲ್ಲಿ ಒಣಗಬೇಕು? ಕಾರಿನೊಳಗೆ ಇನ್ನೂರು ವ್ಯಾಟಿನ ಹಳೆಯ ಬಲ್ಬ್ ಉರಿಸಿ ಎರಡು ರಾತ್ರಿ ಬಿಟ್ಟೆ. ಆಮೇಲೆ ಎರಡು ಕೋಟ್ ಪೇಂಟ್, ಬೆಸುಗೆಯ ಸಂದಿಗಳಿಗೆ ಸೀಲರ್, ಅಡಿಯಿಂದ ಅಂಡರ್‌ಬಾಡಿ ಕೋಟಿಂಗ್. ತೊಲೆಯ ಟೊಳ್ಳಿನೊಳಗೆ ಬ್ರಷ್ ಹೋಗುವುದಿಲ್ಲ. ಅಲ್ಲಿಗೆ ಉದ್ದ ನಳಿಕೆಯ ಸ್ಪ್ರೇಯಲ್ಲಿ ಮೇಣದ ಲೇಪ. ಈ ಒಳಬದಿಯನ್ನು ಬಿಟ್ಟರೆ ಹೊರಗೆ ಎಷ್ಟು ಪೇಂಟ್ ಬಳಿದರೂ ಎರಡು ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ಸೀಟು ಕೂರಿಸುವಾಗ ನಾಲ್ಕೂ ಬೋಲ್ಟುಗಳನ್ನು ಮೊದಲು ಬೆರಳಿನಿಂದ ಹಿಡಿಸಿ, ಸೀಟು ಒಮ್ಮೆ ಹಿಂದೆ ಮುಂದೆ ಜಾರಿಸಿ ರೇಲುಗಳು ಸಮನಾಗಿವೆಯೇ ನೋಡಿ, ಆಮೇಲೆ ಟಾರ್ಕ್ ರೆಂಚಿನಿಂದ ಕೈಪಿಡಿಯ ಅಳತೆಗೆ ಬಿಗಿದೆ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕೊನೆಯ ತೂತು ಸಿಗುವುದಿಲ್ಲ, ಬಲವಂತ ಮಾಡುವ ಮನಸ್ಸು ಬರುವುದು ಅಲ್ಲಿಯೇ. ಕೊನೆಗೆ ಪ್ರತಿ ಬೋಲ್ಟಿನ ತಲೆಯಿಂದ ರೇಲಿನ ತನಕ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದೆ. ಬೋಲ್ಟ್ ಸ್ವಲ್ಪ ತಿರುಗಿದರೂ ಗೆರೆ ಮುರಿಯುತ್ತದೆ.

ಅಮ್ಮ ಮತ್ತೆ ಮುಂದಿನ ಸೀಟಿಗೆ ಬಂದಿದ್ದಾರೆ. ಹೊರಡುವ ಮೊದಲು ನಾನು ಅವರ ಬಾಗಿಲು ತೆರೆದು ಬಗ್ಗಿ ಟಾರ್ಚ್ ಹಾಕುತ್ತೇನೆ, ಏಸಿ ಹಾಕಿದ ದಿನ ಇಳಿಯುವಾಗ ಕಾರಿನಡಿಗೆ ನೋಡುತ್ತೇನೆ. "ಎಂತ ಮಗ, ಇನ್ನೂ ನೋಡ್ತೀಯಾ?" ಎಂದು ಮೊನ್ನೆ ಕೇಳಿದರು. ನಾಲ್ಕೂ ಗೆರೆಗಳು ನೇರವಾಗಿದ್ದವು. ಕಾರಿನಡಿ, ಎಡಗಡೆ, ನೀರಿನ ಒಂದು ದೊಡ್ಡ ಕಲೆ ಇತ್ತು.